ರೆಸ್ಯೂಮ್‌ನಲ್ಲಿ ಕ್ಯೂಆರ್ ಕೋಡ್: ಕಾಗದಕ್ಕೆ ಇರಲಿ, ಪಿಡಿಎಫ್‌ಗೆ ಬೇಡ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಸಾಗರದ ಹತ್ತಿರ. ಈ ವರ್ಷ ಬಿಸಿಎ ಮುಗಿಸಿದ್ದೇನೆ. ಕೊನೆಯ ಸೆಮಿಸ್ಟರ್‌ನಲ್ಲಿ ಅಡಿಕೆ ಧಾರಣೆ ತೋರಿಸುವ ಒಂದು ವೆಬ್‌ಸೈಟ್ ಮಾಡಿದ್ದೆ. ಶಿವಮೊಗ್ಗದ ಉದ್ಯೋಗ ಮೇಳಕ್ಕೆ ಹೋಗಬೇಕು ಅಂತಿದ್ದೇನೆ. ಬೆಂಗಳೂರಿನ ಕಂಪನಿಗಳಿಗೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕುತ್ತಿದ್ದೇನೆ. ರೆಸ್ಯೂಮ್‌ಗೆ ಕ್ಯೂಆರ್ ಕೋಡ್ ಹಾಕು, ಎದ್ದು ಕಾಣುತ್ತೆ ಅಂತ ಬೆಂಗಳೂರಿನಲ್ಲಿರುವ ಭಾವ ಹೇಳುತ್ತಾರೆ. ಅದೆಲ್ಲ ಬೇಡ, ನೀಟಾಗಿದ್ದರೆ ಸಾಕು ಅಂತ ಕಾಲೇಜಿನ ಮೇಡಂ ಹೇಳುತ್ತಾರೆ. ಡಿಟಿಪಿ ಅಂಗಡಿಯಲ್ಲಿ ಕೇಳಿದರೆ ಮಾಡಿಕೊಡುತ್ತೇವೆ, ಆದರೆ ವರ್ಷ ವರ್ಷ ದುಡ್ಡು ಕಟ್ಟಬೇಕು ಅಂದರು. ಹಾಕಲೋ ಬೇಡವೋ? ಹಾಕಿದರೆ ಅದರೊಳಗೆ ಏನಿಡಬೇಕು? ಮಾರ್ಕ್ಸ್ ಕಾರ್ಡ್‌ಗಳನ್ನೂ ಸೇರಿಸಬಹುದಾ?

ಉತ್ತರ: ಹಾಕಿ. ಆದರೆ ಮೇಳಕ್ಕೆ ಒಯ್ಯುವ ಕಾಗದಕ್ಕೆ ಮಾತ್ರ. ಬೆಂಗಳೂರಿಗೆ ಕಳಿಸುವ ಪಿಡಿಎಫ್‌ನಲ್ಲಿ ಕೋಡ್ ಬೇಡ, ಅಲ್ಲಿ ಒತ್ತಿದರೆ ತೆರೆಯುವ ಲಿಂಕ್ ಇರಲಿ. ಕೋಡ್‌ಗಾಗಿ ಒಂದು ರೂಪಾಯಿಯೂ ಕೊಡಬೇಡಿ. ಮಾರ್ಕ್ಸ್ ಕಾರ್ಡ್ ಒಳಗಿಡಲೇಬೇಡಿ. ನೀವು ಕೇಳಿದ್ದಕ್ಕೆ ನೇರ ಉತ್ತರ ಇಷ್ಟೇ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಒಳ್ಳೆಯ ಕೆಲಸ ಮಾಡಿದ ಮಕ್ಕಳು ಈ ಕೋಡನ್ನು ಸುಮ್ನೆ ಅಂಟಿಸಿ, ಅದು ತೆರೆಯದೆ, ಎದುರು ಕೂತು ಪೇಚಾಡುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕ್ಯೂಆರ್ ಕೋಡ್ ಇರುವುದೇ ಕಾಗದದ ಮೇಲಿನದನ್ನು ಟೈಪ್ ಮಾಡದೆ ಓದಿಕೊಳ್ಳಲು. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನ ಮಸಾಹಿರೊ ಹರಾ ಮತ್ತು ಜೊತೆಗಾರರು ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಡಬ್ಬದ ಮೇಲಿನ ಚೀಟಿಯನ್ನು ಯಂತ್ರ ಒಂದೇ ಸಲಕ್ಕೆ ಓದಬೇಕಿತ್ತು. ನಮ್ಮ ಗಾಂಧಿ ಬಜಾರಿನ ಅಂಗಡಿಗಳಲ್ಲಿ ದುಡ್ಡು ಕಟ್ಟಲು ಇಟ್ಟಿರುವ ಕೋಡ್‌ಗೂ ಇದೇ ಲೆಕ್ಕ. ಕೋಡ್ ಹೊರಗಿರುತ್ತದೆ, ಫೋನು ಕೈಯಲ್ಲಿರುತ್ತದೆ.

ಈಗ ನಿಮ್ಮ ಪಿಡಿಎಫ್ ಬೆಂಗಳೂರಿಗೆ ಹೋಯಿತು ಅಂತಿಟ್ಟುಕೊಳ್ಳಿ. ಎಚ್‌ಆರ್‌ನವರು ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಾರೆ. ಅವರ ಕೈ ಮೌಸ್ ಮೇಲಿದೆ. ಲಿಂಕ್ ಇದ್ದರೆ ಒಂದು ಕ್ಲಿಕ್. ಕೋಡ್ ಇದ್ದರೆ ಫೋನು ಹುಡುಕಬೇಕು, ಕ್ಯಾಮೆರಾ ತೆರೆಯಬೇಕು, ಪರದೆಗೆ ಹಿಡಿಯಬೇಕು. ಅವರು ರೆಸ್ಯೂಮ್ ನೋಡುವುದೇ ಫೋನಿನಲ್ಲಾದರೆ ಇನ್ನೂ ಕಷ್ಟ. ತನ್ನ ಪರದೆಯ ಮೇಲಿರುವ ಕೋಡನ್ನು ಆ ಫೋನಿನ ಕ್ಯಾಮೆರಾ ನೋಡಲಾರದು. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಓದುತ್ತದೆ, ನಿಜ. ಆದರೆ ಗುರುತಿಲ್ಲದ ಒಬ್ಬ ಅಭ್ಯರ್ಥಿಗಾಗಿ ಅಷ್ಟು ಶ್ರಮ ಯಾರು ತೆಗೆದುಕೊಳ್ಳುತ್ತಾರೆ? ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ರೆಸ್ಯೂಮ್ ಓದುವುದೂ ಉಂಟು. ಅದು ನೋಡುವುದು ಅಕ್ಷರಗಳನ್ನು. ಕೋಡ್ ಅದರ ಪಾಲಿಗೆ ಬರೀ ಚಿತ್ರ. ನಿಮ್ಮ ಪ್ರಾಜೆಕ್ಟಿನ ವಿಳಾಸ ಕೋಡ್‌ನೊಳಗೆ ಮಾತ್ರ ಇದ್ದರೆ ಆ ಸಾಫ್ಟ್‌ವೇರ್‌ಗೆ ಆ ಪ್ರಾಜೆಕ್ಟ್ ಇಲ್ಲವೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಮೇಲ್‌ನಲ್ಲಿ ಬಂದ ಕ್ಯೂಆರ್ ಕೋಡ್ ಮೂಲಕ ಮೋಸದ ಪುಟಗಳಿಗೆ ಎಳೆಯುವುದು ಈಗ ಹೆಚ್ಚಾಗಿದೆ. ಹಾಗಾಗಿ ಗುರುತಿಲ್ಲದ ಕೋಡ್ ಸ್ಕ್ಯಾನ್ ಮಾಡಬೇಡಿ ಅಂತ ಕಂಪನಿಗಳು ನೌಕರರಿಗೆ ಹೇಳಿಕೊಡುತ್ತವೆ. ಆ ಪಾಠ ಕೇಳಿದ ಎಚ್‌ಆರ್ ನಿಮ್ಮ ಕೋಡ್ ಬಿಟ್ಟು ಮುಂದೆ ಹೋದರೆ ಅದು ಅವರ ತಪ್ಪಲ್ಲ.

ಶಿವಮೊಗ್ಗದ ಮೇಳದಲ್ಲಿ ಪರಿಸ್ಥಿತಿ ಪೂರಾ ಬೇರೆ. ಅಲ್ಲಿ ನಿಮ್ಮ ಕಾಗದ ನೇರವಾಗಿ ಒಬ್ಬರ ಕೈಗೆ ಹೋಗುತ್ತದೆ. ಟೇಬಲ್ ಮೇಲೆ ರೆಸ್ಯೂಮ್‌ಗಳ ರಾಶಿ, ಪಕ್ಕದಲ್ಲೇ ಅವರ ಫೋನು, ಎದುರಿಗೆ ನೀವು. ಮಾಚೇನಹಳ್ಳಿಯ ಕಾರ್ಖಾನೆಗೋ ಸವಳಂಗ ರಸ್ತೆಯ ಆಫೀಸಿಗೋ ನೇರ ಹೋಗಿ ರೆಸ್ಯೂಮ್ ಕೊಟ್ಟು ಬರುವಾಗಲೂ ಹಾಗೇ. ಕಾಗದ ಅಲ್ಲೇ ಉಳಿಯುತ್ತದೆ, ಸಂಜೆ ಮ್ಯಾನೇಜರ್ ನೋಡುತ್ತಾರೆ. ಕೋಡ್ ಕೆಲಸಕ್ಕೆ ಬರುವುದು ಇಂಥ ಕಡೆ. ಹೈಟೆಕ್ ಬೆಂಗಳೂರಿಗಿಂತ ನಮ್ಮೂರ ಮೇಳದಲ್ಲೇ ಇದರ ಉಪಯೋಗ ಜಾಸ್ತಿ ಅನ್ನುವುದನ್ನು ನಿಮ್ಮ ಭಾವನಿಗೂ ಹೇಳಿ.

ಹಾಗಂತ ಎಲ್ಲರಿಗೂ ಇದು ಬೇಕಾಗಿಲ್ಲ. ಲೆಕ್ಕಪತ್ರದ ಕೆಲಸ, ಗಾರ್ಮೆಂಟ್ಸ್ ಸೂಪರ್‌ವೈಸರ್, ಬ್ಯಾಂಕ್, ಡೇಟಾ ಎಂಟ್ರಿ ಇಂಥವಕ್ಕೆ ಅರ್ಜಿ ಹಾಕುವವರಿಗೆ ತೆರೆದು ತೋರಿಸುವಂಥದ್ದು ಏನೂ ಇರುವುದಿಲ್ಲ. ಅವರ ವಿಷಯದಲ್ಲಿ ನಿಮ್ಮ ಮೇಡಂ ಮಾತೇ ಸರಿ. ಡಿಸೈನ್, ವಿಡಿಯೊ ಎಡಿಟಿಂಗ್, ಫೋಟೊ, ಕಟ್ಟಡದ ಡ್ರಾಯಿಂಗ್, ಸಾಫ್ಟ್‌ವೇರ್ ಮಾಡುವವರಿಗೆ ಬೇಕು. ಪಾಠ ಮಾಡುವ ವಿಡಿಯೊ ಇಟ್ಟುಕೊಂಡ ಶಿಕ್ಷಕರಿಗೂ ಬೇಕು. ನಿಮ್ಮ ಹತ್ತಿರ ಅಡಿಕೆ ಧಾರಣೆಯ ವೆಬ್‌ಸೈಟ್ ಇದೆ. ಅದನ್ನು ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಲೇಸು.

ಹಾಗಾದರೆ ಒಳಗೆ ಏನಿಡಬೇಕು? ಸ್ವಲ್ಪ ನಿಂತು ಯೋಚಿಸಬೇಕಾದ್ದು ಇದನ್ನೇ. ಕೋಡ್ ಮಾಡಲು ಎರಡು ನಿಮಿಷ ಸಾಕು, ಅದು ತೆರೆಯುವ ಪುಟಕ್ಕೆ ಎರಡು ದಿನ ಕೊಡಿ.

ತುಂಬಾ ಜನ ಅದೇ ರೆಸ್ಯೂಮ್‌ನ ಪಿಡಿಎಫ್ ಒಳಗಿಡುತ್ತಾರೆ. ಕೈಯಲ್ಲಿರುವ ಕಾಗದವನ್ನೇ ಫೋನಿನಲ್ಲಿ ಇನ್ನೊಮ್ಮೆ ಚಿಕ್ಕದಾಗಿ ನೋಡಿ ಏನು ಪ್ರಯೋಜನ? ಫೋನ್ ನಂಬರ್, ಇಮೇಲ್ ಇರುವ ಕಾಂಟ್ಯಾಕ್ಟ್ ಕಾರ್ಡ್ ಇಡುವವರೂ ಇದ್ದಾರೆ. ಮೊದಲ ಭೇಟಿಯಲ್ಲೇ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳುವ ಅವಸರ ಯಾರಿಗೂ ಇರುವುದಿಲ್ಲ. ಲಿಂಕ್ಡ್‌ಇನ್ ಪ್ರೊಫೈಲ್ ಪರವಾಗಿಲ್ಲ, ಆದರೆ ಹೊಸಬರ ಪ್ರೊಫೈಲ್‌ನಲ್ಲಿ ರೆಸ್ಯೂಮ್‌ನಲ್ಲಿ ಇಲ್ಲದ್ದು ಏನೂ ಇರುವುದಿಲ್ಲ. ಪ್ರೋಗ್ರಾಂ ಫೈಲ್‌ಗಳನ್ನು ಇಡುವ ಜಾಲತಾಣ ಗಿಟ್‌ಹಬ್‌ನ ವಿಳಾಸ ನೇರ ಕೊಟ್ಟರೆ ಫೋನಿನ ಪರದೆಯಲ್ಲಿ ಫೈಲ್‌ಗಳ ಪಟ್ಟಿ ಕಾಣುತ್ತದೆ. ಎಚ್‌ಆರ್‌ನವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಟೆಕ್ನಿಕಲ್ ಸುತ್ತಿನವರಿಗೆ ಬೇಕಾಗುತ್ತದೆ, ಅವರಿಗಾಗಿ ಪುಟದ ಕೊನೆಯಲ್ಲಿ ಲಿಂಕ್ ಇಡಿ.

ನಿಮ್ಮ ಪ್ರಾಜೆಕ್ಟಿಗೇ ಒಂದು ಪುಟ ಮಾಡಿ. ಗೂಗಲ್ ಸೈಟ್ಸ್‌ನಲ್ಲೋ ಗಿಟ್‌ಹಬ್ ಪೇಜಸ್‌ನಲ್ಲೋ ಉಚಿತವಾಗಿ ಮಾಡಬಹುದು. ಮೇಲೆ ನಿಮ್ಮ ಹೆಸರು, ಕೆಳಗೆ ಒಂದೇ ಸಾಲು: ಮಲೆನಾಡಿನ ಮಾರುಕಟ್ಟೆಗಳ ಅಡಿಕೆ ಧಾರಣೆ ಒಂದೇ ಕಡೆ ತೋರಿಸುವ ವೆಬ್‌ಸೈಟ್, ನಾನು ಮಾಡಿದ್ದು. ಅದರ ಕೆಳಗೆ ವೆಬ್‌ಸೈಟಿನ ಸ್ಕ್ರೀನ್‌ಶಾಟ್, ಫೋನಿನಲ್ಲಿ ಹೇಗೆ ಕಾಣುತ್ತದೋ ಹಾಗೆ. ಆಮೇಲೆ ನೀವು ಬಿಡಿಸಿದ ಒಂದು ಕಷ್ಟ.

ಆ ಕಷ್ಟ ಯಾವುದು ಅಂತ ನಾನೇ ಊಹಿಸುತ್ತೇನೆ. ಶಿವಮೊಗ್ಗದ ಪಟ್ಟಿಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಇರುತ್ತದೆ. ನಿಮ್ಮ ಸಾಗರದ ಪಟ್ಟಿಯಲ್ಲಿ ಚಾಲಿ, ಬಿಳಿಗೊಟು, ಕೆಂಪುಗೊಟು, ಸಿಪ್ಪೆಗೊಟು, ಕೋಕ ಬರುತ್ತದೆ. ಒಂದು ಊರಿನ ಪಟ್ಟಿಯಲ್ಲಿರುವ ಅಡಿಕೆಯ ಎಷ್ಟೋ ಬಗೆ ಇನ್ನೊಂದು ಊರಿನಲ್ಲಿ ಇಲ್ಲ. ಇದನ್ನೆಲ್ಲ ಒಂದೇ ಟೇಬಲ್‌ಗೆ ಹೇಗೆ ತಂದಿರಿ? ಒಂದು ದಿನ ಒಂದು ಬಗೆಯ ಅಡಿಕೆ ಮಾರುಕಟ್ಟೆಗೆ ಬರಲೇ ಇಲ್ಲ ಅಂದರೆ ನಿಮ್ಮ ಪುಟ ಸೊನ್ನೆ ತೋರಿಸುತ್ತದಾ, ಹಿಂದಿನ ದಿನದ ದರ ತೋರಿಸುತ್ತದಾ, ಖಾಲಿ ಬಿಡುತ್ತದಾ? ಸೊನ್ನೆ ತೋರಿಸಿದರೆ ಅಡಿಕೆ ಬೆಲೆ ನೆಲಕಚ್ಚಿತು ಅಂತ ಬೆಳೆಗಾರ ಗಾಬರಿ ಬೀಳುತ್ತಾನೆ. ಇಷ್ಟು ಯೋಚನೆ ಮಾಡಿದ್ದೀರಿ ಅಂತ ಎರಡು ಸಾಲಿನಲ್ಲಿ ಬರೆದರೆ, ಎದುರು ಕೂತವರು ಖಂಡಿತ ಮುಂದಿನ ಪ್ರಶ್ನೆ ಕೇಳುತ್ತಾರೆ. ದರ ಎಲ್ಲಿಂದ ತೆಗೆದುಕೊಳ್ಳುತ್ತೀರಿ ಅಂತಲೂ ಬರೆಯಿರಿ. ಸರ್ಕಾರದ ಮಾರುಕಟ್ಟೆ ದರದ ಜಾಲತಾಣ ಕೃಷಿ ಮಾರಾಟ ವಾಹಿನಿಯಿಂದಲೋ, ದಿನಾ ನೀವೇ ಟೈಪ್ ಮಾಡುತ್ತೀರೋ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಗೊರಬಲು ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ, ಅದಕ್ಕೂ ಒಂದು ಸಾಲು ಕೊಡಿ.

ವೆಬ್‌ಸೈಟನ್ನೇ ನೇರ ತೆರೆದರೆ ಆಗಲ್ವಾ ಅಂತ ನೀವು ಕೇಳಬಹುದು. ಅದರಲ್ಲಿ ಎರಡು ಅಪಾಯ ಇದೆ. ವೆಬ್‌ಸೈಟ್ ಇಡಲು ಜಾಗ ಕೊಡುವ ಉಚಿತ ಹೋಸ್ಟಿಂಗ್‌ಗಳಲ್ಲಿ ಕೆಲವು, ಸ್ವಲ್ಪ ಹೊತ್ತು ಯಾರೂ ಬರದಿದ್ದರೆ ಸರ್ವರ್ ಮಲಗಿಸಿಬಿಡುತ್ತವೆ. ಮತ್ತೆ ಏಳಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕಾಗುತ್ತದೆ. ಮೇಳದ ಟೇಬಲ್ಲಿನಲ್ಲಿ ಒಂದು ನಿಮಿಷ ಬಿಳಿ ಪರದೆ ನೋಡುತ್ತಾ ಯಾರೂ ಕೂರುವುದಿಲ್ಲ. ಎರಡನೆಯದು ಹಳೆಯ ದರ. ಪ್ರಾಜೆಕ್ಟ್ ಸಲ್ಲಿಸಿದ ದಿನದಿಂದ ದರ ಬದಲಾಗಿಲ್ಲದಿದ್ದರೆ ವೆಬ್‌ಸೈಟ್ ಸತ್ತಿದೆ ಅಂತ ಅನಿಸುತ್ತದೆ. ಹಾಗಾಗಿ ಮೊದಲು ಸ್ಕ್ರೀನ್‌ಶಾಟ್ ಇರುವ ಹಗುರ ಪುಟ, ಅದರಲ್ಲಿ ಅರ್ಧ ನಿಮಿಷದ ಒಂದು ವಿಡಿಯೊ ಲಿಂಕ್, ಆಮೇಲೆ ನಿಜವಾದ ವೆಬ್‌ಸೈಟಿಗೆ ಲಿಂಕ್. ಪುಟದಲ್ಲಿ ಕೊನೆಯ ಸಲ ದರ ಹಾಕಿದ ದಿನಾಂಕ ಇರಲಿ. ಚಿತ್ರಗಳ ಸೈಜ್ ಕಮ್ಮಿ ಮಾಡಿ. ಒಂದೇ ಹಾಲ್‌ನಲ್ಲಿ ನೂರಾರು ಫೋನುಗಳು ಸೇರಿದರೆ ನೆಟ್ ನಿಧಾನವಾಗುತ್ತದೆ. ಮಳೆಗಾಲದಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೂಗಲ್ ಡ್ರೈವ್‌ನಲ್ಲಿ ಫೈಲ್ ಇಡುವುದಾದರೆ ಪರ್ಮಿಷನ್ ಸರಿಯಾಗಿ ನೋಡಿಕೊಳ್ಳಿ. ನಾನು ಕೂತಿದ್ದ ಒಂದು ಇಂಟರ್‌ವ್ಯೂನಲ್ಲಿ ಹುಡುಗನೊಬ್ಬನ ರೆಸ್ಯೂಮ್ ಚೆನ್ನಾಗಿತ್ತು. ಪಕ್ಕದಲ್ಲಿದ್ದವರು ಆಸೆಯಿಂದ ಅವನ ಕೋಡ್ ಸ್ಕ್ಯಾನ್ ಮಾಡಿದರು. ‘ಯು ನೀಡ್ ಆ್ಯಕ್ಸೆಸ್’ ಅಂತ ಬಂತು. ಕೆಳಗೆ ಅನುಮತಿ ಕೇಳುವ ಬಟನ್. ಅದನ್ನು ಒತ್ತಿದರೆ ಹುಡುಗನ ಮೇಲ್‌ಗೆ ಸಂದೇಶ ಹೋಗುತ್ತದೆ, ಅವನು ಒಪ್ಪಬೇಕು. ಅವನ ಫೋನು ಆಫ್ ಆಗಿ ಹೊರಗಿನ ಬ್ಯಾಗಿನಲ್ಲಿತ್ತು. ಅವನ ಮುಖ ಬಾಡಿತು. ಆಮೇಲೆ ಕೇಳಿದ ಪ್ರಶ್ನೆಗಳಿಗೂ ಸರಿಯಾಗಿ ಮಾತು ಹೊರಡಲಿಲ್ಲ. ಅವನು ಮನೆಯಲ್ಲಿ ಪರೀಕ್ಷೆ ಮಾಡಿಯೇ ಬಂದಿದ್ದ, ಆದರೆ ತನ್ನದೇ ಫೋನಿನಲ್ಲಿ. ಅದರಲ್ಲಿ ಅವನದೇ ಖಾತೆ ಇತ್ತಲ್ಲ, ಹಾಗಾಗಿ ತೆರೆದಿತ್ತು. ಶೇರ್ ಮಾಡುವಾಗ ‘ಎನಿಒನ್ ವಿತ್ ದ ಲಿಂಕ್’ ಅಂತ ಆರಿಸಿ, ‘ವ್ಯೂವರ್’ ಅಂತಲೇ ಇರಲಿ. ಆಮೇಲೆ ಅಮ್ಮನ ಫೋನಿನಲ್ಲೋ ಪಕ್ಕದ ಮನೆಯವರ ಫೋನಿನಲ್ಲೋ ತೆರೆದು ನೋಡಿ.

ಇನ್ನೊಂದು ಎಚ್ಚರ. ಫೈಲ್ ಶೇರ್ ಮಾಡಿ, ಫೋಲ್ಡರ್ ಬೇಡ. ಫೋಲ್ಡರ್ ಶೇರ್ ಮಾಡಿದರೆ ಇವತ್ತು ಇರುವುದು ಮಾತ್ರವಲ್ಲ, ನಾಳೆ ಮರೆತು ಅದರೊಳಗೆ ಹಾಕಿದ್ದೂ ಕಾಣುತ್ತದೆ.

ಮಾರ್ಕ್ಸ್ ಕಾರ್ಡ್ ಬೇಡ ಅಂದದ್ದು ಇದಕ್ಕೇ. ನೀವು ಮೇಳದಲ್ಲಿ ಹಂಚುವ ಕಾಗದ ಎಲ್ಲೆಲ್ಲಿ ಹೋಗುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಆಯ್ಕೆಯಾಗದ ರೆಸ್ಯೂಮ್‌ಗಳ ಕಟ್ಟು ರದ್ದಿಗೆ ಹೋಗಬಹುದು. ಝೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಉಳಿದಿರಬಹುದು. ಆ ಕಾಗದ ಸಿಕ್ಕ ಯಾರೇ ಆದರೂ ಕೋಡ್ ತೆರೆಯಬಹುದು. ಮಾರ್ಕ್ಸ್ ಕಾರ್ಡ್‌ನಲ್ಲಿ ನಿಮ್ಮ ಹೆಸರು, ರಿಜಿಸ್ಟರ್ ನಂಬರ್, ತಂದೆ ತಾಯಿ ಹೆಸರು ಇರುತ್ತದೆ. ಎಸ್ಎಸ್ಎಲ್‌ಸಿ ಕಾರ್ಡಾದರೆ ಹುಟ್ಟಿದ ದಿನಾಂಕವೂ ಸಿಗುತ್ತದೆ. ಆಧಾರ್, ಪಾನ್, ಮನೆಯ ವಿಳಾಸ, ಸಹಿಯ ಫೋಟೊ ಇವು ಯಾವುವೂ ಕೋಡ್‌ನ ಹಿಂದೆ ಇರಬಾರದು. ಕಂಪನಿಯವರು ಕೇಳಿದಾಗ ಡಿಜಿಲಾಕರ್‌ನಿಂದ ತೋರಿಸಿ. ಡಿಜಿಲಾಕರ್‌ನಲ್ಲಿ ಆಯಾ ಸಂಸ್ಥೆಯೇ ಕೊಟ್ಟ ದಾಖಲೆಗೆ 2016ರ ನಿಯಮದ ಪ್ರಕಾರ ಮೂಲ ಪ್ರತಿಯಷ್ಟೇ ಬೆಲೆ ಇದೆ. ಹೆಣ್ಣುಮಕ್ಕಳಿಗೆ ಇನ್ನೂ ಒಂದು ಮಾತು ಹೇಳುತ್ತೇನೆ. ಎಲ್ಲರಿಗೂ ತೆರೆಯುವ ಪುಟದಲ್ಲಿ ನಿಮ್ಮ ಫೋನ್ ನಂಬರ್ ಬೇಡ. ಅದು ಕಾಗದದ ಮೇಲಿದೆಯಲ್ಲ, ಸಾಕು. ಪುಟದಲ್ಲಿ ಕೆಲಸಕ್ಕೆ ಅಂತಲೇ ಮಾಡಿದ ಒಂದು ಇಮೇಲ್ ಕೊಡಿ.

ಈಗ ವರ್ಷ ವರ್ಷ ದುಡ್ಡು ಕಟ್ಟುವ ಮಾತು. ಕೋಡ್‌ನಲ್ಲಿ ಎರಡು ಬಗೆ ಇದೆ. ಸ್ಟ್ಯಾಟಿಕ್ ಕೋಡ್‌ನಲ್ಲಿ ನಿಮ್ಮ ಪುಟದ ವಿಳಾಸವೇ ಕಪ್ಪು ಬಿಳಿ ಚೌಕಗಳಾಗಿ ಅಚ್ಚಾಗಿರುತ್ತದೆ. ಅದಕ್ಕೆ ವಾಯಿದೆ ಅಂತ ಇಲ್ಲ. ಡೈನಮಿಕ್ ಕೋಡ್‌ನಲ್ಲಿ ಅಚ್ಚಾಗಿರುವುದು ಕೋಡ್ ಮಾಡಿಕೊಟ್ಟ ಕಂಪನಿಯ ವಿಳಾಸ. ಸ್ಕ್ಯಾನ್ ಮಾಡಿದಾಗ ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ನಿಮ್ಮ ಪುಟಕ್ಕೆ ಬರುತ್ತದೆ. ಎಷ್ಟು ಜನ ನೋಡಿದರು ಅಂತ ಲೆಕ್ಕ ಸಿಗುತ್ತದೆ, ಆಮೇಲೆ ವಿಳಾಸ ಬದಲಿಸಲೂ ಬರುತ್ತದೆ. ಆದರೆ ಚಂದಾ ಮುಗಿದರೆ ಆ ಕೋಡ್ ಕೆಲಸ ನಿಲ್ಲಿಸಬಹುದು, ನಿಮ್ಮ ಪುಟದ ಬದಲು ಜಾಹೀರಾತು ಬರಬಹುದು. ಅಂಗಡಿಯವರು ಹೇಳಿದ್ದು ಇದೇ ಬಗೆ ಇರಬೇಕು. ನಿಮಗೆ ಸ್ಟ್ಯಾಟಿಕ್ ಸಾಕು. ಡೆನ್ಸೊ ವೇವ್ ಹತ್ತಿರ ಕ್ಯೂಆರ್‌ನ ಪೇಟೆಂಟ್ ಇದ್ದರೂ ಯಾರು ಬೇಕಾದರೂ ಬಳಸಲಿ ಅಂತ ಅವರು ಬಿಟ್ಟುಕೊಟ್ಟರು, ಹಾಗಾಗಿ ಸ್ಟ್ಯಾಟಿಕ್ ಕೋಡ್‌ಗೆ ಯಾರಿಗೂ ಕಟ್ಟಬೇಕಾದ ಬಾಕಿ ಇಲ್ಲ. ನಿಮ್ಮ ಕೋಡ್ ಯಾವ ಬಗೆ ಅಂತ ತಿಳಿಯಲು ಸುಲಭ ದಾರಿ ಇದೆ. ಸ್ಕ್ಯಾನ್ ಮಾಡಿದ ಕೂಡಲೇ, ತೆರೆಯುವ ಮೊದಲು, ಫೋನು ಒಂದು ವಿಳಾಸ ತೋರಿಸುತ್ತದೆ. ಅದು ನಿಮ್ಮ ಪುಟದ ವಿಳಾಸವೇ ಆಗಿರಬೇಕು.

ಕೋಡ್ ಮಾಡಲು ಯಾವ ಜಾಲತಾಣವೂ ಬೇಕಾಗಿಲ್ಲ. ವರ್ಡ್‌ನಂಥದೇ ಉಚಿತ ಸಾಫ್ಟ್‌ವೇರ್ ಲಿಬ್ರೆಆಫೀಸ್ ರೈಟರ್‌ನಲ್ಲಿ, 6.4ರಿಂದ ಮುಂದಿನ ಆವೃತ್ತಿಗಳಲ್ಲಿ, ಇನ್ಸರ್ಟ್ ಮೆನುವಿನ ಓಎಲ್‌ಇ ಆಬ್ಜೆಕ್ಟ್ ಕೆಳಗೆ ಕ್ಯೂಆರ್ ಕೋಡ್ ಮಾಡುವ ಸೌಲಭ್ಯ ಇದೆ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕ್ರೋಮ್ ಬ್ರೌಸರ್‌ನಲ್ಲಿ ಪುಟ ತೆರೆದು ಶೇರ್ ಒತ್ತಿದರೂ ಕೋಡ್ ಸಿಗುತ್ತದೆ, ಮಧ್ಯೆ ಒಂದು ಡೈನೋಸಾರ್ ಚಿತ್ರ ಇರುತ್ತದೆ. ಸ್ಕ್ಯಾನ್‌ಗೆ ಅದರಿಂದ ತೊಂದರೆ ಇಲ್ಲ, ಆದರೆ ರೆಸ್ಯೂಮ್‌ಗೆ ನಾನು ಲಿಬ್ರೆಆಫೀಸ್‌ನದನ್ನೇ ಹಾಕಿಸುತ್ತೇನೆ.

ಅಲ್ಲಿ ಎರರ್ ಕರೆಕ್ಷನ್ ಅಂತ ಕೇಳುತ್ತದೆ. ಕೋಡ್‌ನ ಸ್ವಲ್ಪ ಭಾಗ ಹಾಳಾದರೂ ಓದಲು ಬರುವಂತೆ ಇಟ್ಟ ವ್ಯವಸ್ಥೆ ಅದು. ನಾಲ್ಕು ಮಟ್ಟ ಇದೆ. ಎಲ್ ಅಂದರೆ ಸುಮಾರು 7%, ಎಂ ಅಂದರೆ 15%, ಕ್ಯೂ ಅಂದರೆ 25%, ಎಚ್ ಅಂದರೆ 30% ಹಾಳಾದರೂ ತಡೆಯುತ್ತದೆ. ಎಲ್ಲರೂ ಎಚ್ ಇರಲಿ ಅಂತ ಆಸೆ ಪಡುತ್ತಾರೆ. ಆದರೆ ಮಟ್ಟ ಏರಿದಷ್ಟೂ ಚೌಕಗಳು ಜಾಸ್ತಿಯಾಗಿ ಸಣ್ಣದಾಗುತ್ತವೆ. ಕಾಗದದ ರೆಸ್ಯೂಮ್‌ಗೆ ಎಂ ಸಾಕು.

ಚೌಕ ದೊಡ್ಡದಾಗಿರಬೇಕಾದರೆ ವಿಳಾಸ ಚಿಕ್ಕದಿರಬೇಕು. ಲೆಕ್ಕ ಹಾಕಿ ತೋರಿಸುತ್ತೇನೆ. ಎಂ ಮಟ್ಟದಲ್ಲಿ 42 ಅಕ್ಷರದವರೆಗಿನ ವಿಳಾಸ 29 ಸಾಲು, 29 ಕಂಬದ ಕೋಡ್‌ನಲ್ಲಿ ಹಿಡಿಸುತ್ತದೆ. ಕೋಡ್ ಎರಡೂವರೆ ಸೆಂಟಿಮೀಟರ್ ಅಗಲ ಇದ್ದರೆ ಒಂದೊಂದು ಚೌಕಕ್ಕೆ 0.86 ಮಿಲಿಮೀಟರ್ ಸಿಗುತ್ತದೆ. ಡ್ರೈವ್‌ನಿಂದ ಕಾಪಿ ಮಾಡಿದ ಉದ್ದ ಲಿಂಕ್ 80 ಅಕ್ಷರ ದಾಟುವುದುಂಟು. ಅದಕ್ಕೆ 37 ಸಾಲು ಬೇಕು, ಚೌಕ 0.68ಕ್ಕೆ ಇಳಿಯಿತು. ಹೆಸರು, ವಿಳಾಸ, ನಂಬರ್ ಎಲ್ಲ ತುಂಬಿದ ಕಾಂಟ್ಯಾಕ್ಟ್ ಕಾರ್ಡ್ 200 ಅಕ್ಷರ ಆದರೆ 57 ಸಾಲು, ಚೌಕ 0.44. ಹಳೆಯ ಫೋನು, ಮಬ್ಬು ಬೆಳಕು, ಮಸಿ ಹರಡಿದ ಝೆರಾಕ್ಸ್ ಈ ಮೂರೂ ಸೇರಿದಾಗ ಮೊದಲು ಸೋಲುವುದು ಇಂಥ ಕೋಡೇ. ಕೋಡ್‌ನೊಳಗೆ ನೇರವಾಗಿ ಕನ್ನಡದಲ್ಲಿ ಬರೆದರೆ ಇನ್ನೂ ಜಾಗ ಹೋಗುತ್ತದೆ. ‘ಶಿವಮೊಗ್ಗ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 10 ಬೈಟ್, ಕನ್ನಡದಲ್ಲಿ ಬರೆದರೆ 24 ಬೈಟ್. ಕನ್ನಡ ಬೇಕಾದಷ್ಟು ಇರಲಿ, ಆದರೆ ಪುಟದಲ್ಲಿ ಇರಲಿ. ಕೋಡ್‌ನಲ್ಲಿ ವಿಳಾಸ ಮಾತ್ರ.

ಕೋಡ್ ಸುತ್ತ ಬಿಳಿ ಜಾಗ ಬಿಡುವುದು ಮರೆಯಬೇಡಿ. ನಾಲ್ಕು ಚೌಕದಷ್ಟು ಅಗಲದ ಅಂಚು ನಿಯಮದಲ್ಲೇ ಇದೆ. ನಿಮ್ಮ ಕೋಡ್‌ಗೆ ಅದು ಮೂರೂವರೆ ಮಿಲಿಮೀಟರ್‌ನಷ್ಟಾಗುತ್ತದೆ. ಆ ಅಂಚಿಗೆ ಬಾರ್ಡರ್ ಗೆರೆ ಎಳೆದರೆ, ಅಕ್ಷರ ತಾಗಿಸಿದರೆ ಕೋಡ್ ಎಲ್ಲಿ ಶುರುವಾಗುತ್ತದೆ ಅಂತ ಫೋನಿಗೆ ಗೊತ್ತಾಗುವುದಿಲ್ಲ. ಬಣ್ಣ ಬೇಡ, ಬಿಳಿಯ ಮೇಲೆ ಕಪ್ಪೇ ಇರಲಿ.

ಕಾಗದದಲ್ಲಿ ಎಲ್ಲಿ ಹಾಕಬೇಕು ಅಂದರೆ ಮೇಲೆ ಬಲ ಮೂಲೆಯಲ್ಲಿ, ನಿಮ್ಮ ಹೆಸರಿನ ಸಾಲಿಗೆ. ಎಡ ಮೂಲೆಯಲ್ಲಿ ಆಫೀಸಿನವರು ಸ್ಟೇಪ್ಲರ್ ಪಿನ್ ಹೊಡೆಯುತ್ತಾರೆ, ಎಡ ಅಂಚಿಗೆ ಪಂಚ್ ಮಾಡಿ ಫೈಲಿಗೆ ಹಾಕುತ್ತಾರೆ. ಕೋಡ್‌ನ ಮೂರು ಮೂಲೆಯಲ್ಲಿ ದೊಡ್ಡ ಚೌಕ ಇರುತ್ತದಲ್ಲ, ಫೋನು ಮೊದಲು ಹುಡುಕುವುದು ಅವನ್ನೇ. ಅದರ ಮೇಲೇ ಪಿನ್ ಬಿದ್ದರೆ ಎರರ್ ಕರೆಕ್ಷನ್ ಇದ್ದೂ ಪ್ರಯೋಜನ ಇಲ್ಲ. ಕಾಗದದ ಮಧ್ಯದಲ್ಲೂ ಬೇಡ, ಮಡಚಿದಾಗ ಗೆರೆ ಅದರ ಮೇಲೇ ಬೀಳುತ್ತದೆ.

ಕೋಡ್ ಕೆಳಗೆ ಒಂದು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ, ಅಡಿಕೆ ಧಾರಣೆ ಪ್ರಾಜೆಕ್ಟ್ ನೋಡಲು ಸ್ಕ್ಯಾನ್ ಮಾಡಿ ಅಂತ. ಬರೀ ‘ಸ್ಕ್ಯಾನ್ ಮಿ’ ಅಂದರೆ ಯಾರಿಗೂ ಕುತೂಹಲ ಹುಟ್ಟುವುದಿಲ್ಲ. ಅದರ ಕೆಳಗೆ ಚಿಕ್ಕದಾಗಿ ಪುಟದ ವಿಳಾಸವನ್ನೂ ಅಚ್ಚು ಮಾಡಿ. ಸ್ಕ್ಯಾನ್ ಮಾಡಲು ಇಷ್ಟವಿಲ್ಲದವರು ಟೈಪ್ ಮಾಡಿ ನೋಡಬಹುದು, ಮಾಡುವವರಿಗೂ ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಧೈರ್ಯ ಇರುತ್ತದೆ.

ಪ್ರಿಂಟ್ ಲೇಸರ್‌ನಲ್ಲೇ ತೆಗೆಸಿ. ಮನೆಯ ಇಂಕ್‌ಜೆಟ್‌ನ ಮಸಿ ನೀರು ತಾಗಿದರೆ ಹರಡುತ್ತದೆ. ಸಾಗರದಿಂದ ಬಸ್ಸಿನಲ್ಲಿ ಬಂದು ಇಳಿಯುವಷ್ಟರಲ್ಲಿ ಫೈಲಿನ ಅಂಚು ಒದ್ದೆಯಾಗಿರುತ್ತದೆ, ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಒಂದು ಪ್ರತಿ ತೆಗೆಸಿ ಅದನ್ನೇ ಝೆರಾಕ್ಸ್ ಮಾಡಿಸುವ ಬದಲು ಎಲ್ಲ ಪ್ರತಿಗಳನ್ನೂ ಫೈಲಿನಿಂದ ನೇರ ಪ್ರಿಂಟ್ ಮಾಡಿಸಿ. ಅಂಗಡಿಗೆ ಫೈಲನ್ನು ಪಿಡಿಎಫ್ ಮಾಡಿ ಒಯ್ಯಿರಿ. ಕೋಡ್‌ನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿ ಅವರ ಕೈಯಲ್ಲಿ ಅಂಟಿಸಿದರೆ ಅಂಚು ಮಸುಕಾಗುತ್ತದೆ. ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟಿನ ಹೊಳಪು ಕೋಡ್ ಮೇಲೆ ಬಿದ್ದರೆ ಕ್ಯಾಮೆರಾ ತಡವರಿಸುತ್ತದೆ. ಪ್ರಿಂಟ್ ಆದ ಕೂಡಲೇ ಅಂಗಡಿಯಲ್ಲೇ ನಿಂತು, ಟೇಬಲ್ ಮೇಲೆ ಕಾಗದ ಇಟ್ಟು, ಒಂದು ಗೇಣು ಎತ್ತರದಿಂದ ಸ್ಕ್ಯಾನ್ ಮಾಡಿ ನೋಡಿ. ಕೋಡ್‌ನ ಅಗಲದ ಹತ್ತು ಪಟ್ಟು ದೂರದಿಂದ ಓದಲು ಬರಬೇಕು ಅನ್ನುವುದು ರೂಢಿಯ ಲೆಕ್ಕ. ಎರಡೂವರೆ ಸೆಂಟಿಮೀಟರ್‌ಗೆ 25 ಸೆಂಟಿಮೀಟರ್ ಆಯಿತು.

ಮೇಳದಲ್ಲಿ ಇನ್ನೊಂದು ಗೊಂದಲ ಆಗುತ್ತದೆ, ಅದಕ್ಕೆ ತಯಾರಾಗಿರಿ. ಸ್ಕ್ಯಾನ್ ಅಂದ ಕೂಡಲೇ ನಮ್ಮ ಜನ ಫೋನ್‌ಪೇ ಅಥವಾ ಗೂಗಲ್‌ಪೇ ತೆರೆಯುತ್ತಾರೆ. ದುಡ್ಡು ಕಟ್ಟುವ ಆ್ಯಪ್ ಹುಡುಕುವುದು ದುಡ್ಡು ಕಟ್ಟುವ ಕೋಡನ್ನು. ನಿಮ್ಮ ಕೋಡ್ ಕಂಡರೆ ಇದು ಸರಿಯಿಲ್ಲ ಅಂತ ಹೇಳಬಹುದು. ಆಗ ಗಾಬರಿಯಾಗದೆ, ‘ಸರ್, ಕ್ಯಾಮೆರಾದಲ್ಲೇ ಹಿಡಿಯಿರಿ’ ಅಂತ ಮೆಲ್ಲಗೆ ಹೇಳಿ. ಅಲ್ಲೂ ನೆಟ್ ಕೈಕೊಟ್ಟರೆ ಅಂತ ಅದೇ ಸ್ಕ್ರೀನ್‌ಶಾಟ್‌ಗಳು ನಿಮ್ಮ ಫೋನಿನ ಗ್ಯಾಲರಿಯಲ್ಲಿ ಇರಲಿ.

ಕೆಲಸ ಹುಡುಕುವ ಈ ಸಮಯದಲ್ಲಿ ನಿಮಗೂ ಯಾರಾದರೂ ಕೋಡ್ ಕಳಿಸಬಹುದು. ಕಂಪನಿ ಹೆಸರು ಹೇಳಿ, ರಿಜಿಸ್ಟ್ರೇಷನ್ ಫೀಸ್ ಅಂತಲೋ ಲ್ಯಾಪ್‌ಟಾಪ್ ಡೆಪಾಸಿಟ್ ಅಂತಲೋ ಸ್ಕ್ಯಾನ್ ಮಾಡಿ ಅಂದರೆ ಮಾಡಬೇಡಿ. ದುಡ್ಡು ನಿಮಗೆ ಬರುತ್ತದೆ, ಪಿನ್ ಹಾಕಿ ಅಂದರೂ ನಂಬಬೇಡಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಅಕಸ್ಮಾತ್ ಕಳೆದುಕೊಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೆಂಗಳೂರಿನ ಅರ್ಜಿಗಳಿಗೆ ಇದೇ ರೆಸ್ಯೂಮ್‌ನ ಇನ್ನೊಂದು ಪ್ರತಿ ಮಾಡಿ. ಕೋಡ್ ತೆಗೆದು ಅದೇ ಜಾಗದಲ್ಲಿ ಪುಟದ ವಿಳಾಸ ಬರೆಯಿರಿ, ಒತ್ತಿದರೆ ತೆರೆಯುವಂತೆ ಲಿಂಕ್ ಮಾಡಿ. ಪಿಡಿಎಫ್ ಆದ ಮೇಲೆ ಅದನ್ನು ಒಮ್ಮೆ ಒತ್ತಿ ನೋಡಿ. ವರ್ಡ್‌ನಿಂದ ಎಕ್ಸ್‌ಪೋರ್ಟ್ ಮಾಡದೆ ಪ್ರಿಂಟ್ ಟು ಪಿಡಿಎಫ್ ಕೊಟ್ಟರೆ ಲಿಂಕ್ ಬಿಟ್ಟುಹೋಗುವುದು ಸಾಮಾನ್ಯ.

ಕೋಡ್ ಹಂಚಿದ ಮೇಲೆ ಪುಟದ ವಿಳಾಸ ಬದಲಿಸಬೇಡಿ, ಒಳಗಿನದನ್ನು ಬೇಕಾದಷ್ಟು ತಿದ್ದಿ. ಡ್ರೈವ್‌ನಲ್ಲಿ ಪಿಡಿಎಫ್ ಇಟ್ಟಿದ್ದರೆ ಹಳೆಯದನ್ನು ಅಳಿಸಿ ಹೊಸದು ಹಾಕಬಾರದು, ಹಾಗೆ ಮಾಡಿದರೆ ಲಿಂಕ್ ಸಾಯುತ್ತದೆ. ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು, ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಮ್ಯಾನೇಜ್ ವರ್ಷನ್ಸ್’ ಮೂಲಕ ಹೊಸದನ್ನು ಏರಿಸಿ. ಲಿಂಕ್ ಹಳೆಯದೇ ಇರುತ್ತದೆ. ಕೆಲಸ ಸಿಕ್ಕ ಮೇಲೂ ಆ ಪುಟ ತೆಗೆಯಬೇಡಿ, ‘ಕೆಲಸ ಹುಡುಕುತ್ತಿದ್ದೇನೆ’ ಅನ್ನುವ ಸಾಲು ಮಾತ್ರ ಅಳಿಸಿ. ಮಾಚೇನಹಳ್ಳಿಯ ಯಾವುದೋ ಫೈಲಿನಲ್ಲಿ ನಿಮ್ಮ ಕಾಗದ ಇನ್ನೂ ಇರುತ್ತದೆ, ಅದನ್ನು ಯಾರಾದರೂ ತೆರೆದು ನೋಡಬಹುದು.